ಸುಯ್ಯೆನ್ನುವ ಟೇಪು

"ಅಕ್ಕಾ, ಈ ಫೈಲ್ ಕೆಟ್ಟೋಗಿದೆ ಅನ್ಸುತ್ತೆ. ಬೇರೆ ಹಾಕು."

ಇಯರ್‌ಫೋನಿನ ಒಂದು ತುದಿ ನನ್ನ ಕಿವಿಯಲ್ಲಿತ್ತು, ಇನ್ನೊಂದು ತಂಗಿಯ ಕಿವಿಯಲ್ಲಿ. ರಾತ್ರಿ ಹನ್ನೊಂದು ದಾಟಿತ್ತು. ನಾನು ಹಾಕಿದ್ದು ನಾರ್ವೆಯ ಡಾರ್ಕ್‌ಥ್ರೋನ್ ತಂಡದ 1994ರ ಆಲ್ಬಮ್, 'ಟ್ರಾನ್ಸಿಲ್ವೇನಿಯನ್ ಹಂಗರ್'. ಬ್ಲ್ಯಾಕ್ ಮೆಟಲ್ ಎಂದು ಕರೆಯುವ, ಹೆವಿ ಮೆಟಲ್‌ನ ಒಂದು ಕರಾಳ ಕವಲಿನ ಸಂಗೀತ. ತಗಡಿನ ಚಾವಣಿಯ ಮೇಲೆ ಬಿಡದೆ ಸುರಿಯುವ ಮಳೆಯ ಹಾಗೆ ಗಿಟಾರು. ಗೋಡೆಯಾಚೆ ಯಾರೋ ಬಾರಿಸುತ್ತಿದ್ದಾರೇನೋ ಎನ್ನುವಷ್ಟು ದೂರದಲ್ಲಿ ಡ್ರಮ್ಮು. ಎರಡರ ನಡುವೆ, ಗಂಟಲು ಹರಿದುಕೊಂಡು ಕೂಗುವ ಒಂದು ದನಿ. ಅವಳು ಹತ್ತು ಸೆಕೆಂಡು ಕೇಳಿರಬಹುದು. ಕೆಟ್ಟಿಲ್ಲ ಕಣೇ, ಇದು ಇರೋದೇ ಹೀಗೆ, ಅಂದೆ. ಇನ್ನಷ್ಟು ಹೊತ್ತು ಕೇಳಿದಳು. ಆಮೇಲೆ ಅವಳು ಕೇಳಿದ ಪ್ರಶ್ನೆ ನನ್ನಲ್ಲಿ ಉಳಿದುಬಿಟ್ಟಿತು: "ಇಷ್ಟು ವರ್ಷ ಆಯ್ತಲ್ಲ, ಯಾರೂ ಇದನ್ನ ಸರಿ ಮಾಡ್ಲಿಲ್ವಾ?"

ಆ ರಾತ್ರಿ ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟವಾದದ್ದಕ್ಕೆ ಕಾರಣ ಹೇಳುವುದು ಯಾವಾಗಲೂ ಕಷ್ಟ. ಅದರಲ್ಲೂ ಕೇಳಿದವರ ಕಿವಿಗೆ ಅದು ಬರೀ ಗದ್ದಲವಾಗಿದ್ದರೆ ಇನ್ನೂ ಕಷ್ಟ. ಆದರೂ ಅವಳಿಗೊಂದು ಉತ್ತರ ಕೊಡಬೇಕು ಅಂತ ಅನ್ನಿಸುತ್ತಲೇ ಇತ್ತು. ಈ ಬರಹ ಆ ಉತ್ತರ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಹುಡುಗರ ಹತ್ತಿರ ದುಡ್ಡಿರಲಿಲ್ಲ, ಒಳ್ಳೆ ಸ್ಟುಡಿಯೋ ಸಿಗಲಿಲ್ಲ, ಅದಕ್ಕೇ ಹೀಗಾಯಿತು ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಡಾರ್ಕ್‌ಥ್ರೋನ್ ವಿಷಯದಲ್ಲಿ ಅದು ನಿಜವಲ್ಲ. ಅವರ ಮೊದಲ ಆಲ್ಬಮ್ 'ಸೋಲ್‌ಸೈಡ್ ಜರ್ನಿ' 1991ರಲ್ಲಿ ಬಂತು. ಅದರ ರೆಕಾರ್ಡಿಂಗ್ ನಡೆದದ್ದು ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ, ಟೊಮಾಸ್ ಸ್ಕೋಗ್ಸ್‌ಬರ್ಗ್ ಕೈಕೆಳಗೆ. ಹೆವಿ ಮೆಟಲ್‌ನ ಇನ್ನೊಂದು ಕವಲಾದ ಡೆತ್ ಮೆಟಲ್‌ಗೆ ಸ್ವೀಡನ್ನಿನಲ್ಲಿ ಹೆಸರು ತಂದುಕೊಟ್ಟ ಜಾಗ ಅದು. ಆ ಆಲ್ಬಮ್ ಈಗ ಕೇಳಿದರೂ ಗಟ್ಟಿಯಾಗಿದೆ, ಪ್ರತಿ ವಾದ್ಯವೂ ತನ್ನ ಜಾಗದಲ್ಲಿದೆ, ನುಡಿಸಾಣಿಕೆ ಜಟಿಲವಾಗಿದೆ. ಅಂದರೆ ಒಳ್ಳೆಯ ಸದ್ದು ಹೇಗಿರುತ್ತದೆ, ಅದನ್ನು ಎಲ್ಲಿ ಮಾಡಿಸಬೇಕು ಎನ್ನುವುದೆಲ್ಲ ಅವರಿಗೆ ಗೊತ್ತಿತ್ತು. ಆ ಬಾಗಿಲು ತೆರೆದೇ ಇತ್ತು.

ಅವರು ಬೆನ್ನು ತಿರುಗಿಸಿ ಬಂದರು. 1992ರ 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ'ನಲ್ಲಿ ಸದ್ದು ಒಣಗಿತು. 1993ರ 'ಅಂಡರ್ ಎ ಫ್ಯೂನರಲ್ ಮೂನ್'ನಲ್ಲಿ ತೆಳ್ಳಗಾಯಿತು. 1994ರ ಹೊತ್ತಿಗೆ ತಂಡದ ಫೆನ್ರಿಜ್ ಒಬ್ಬನೇ ಮನೆಯಲ್ಲಿ ಕೂತು ಗಿಟಾರು, ಬೇಸ್, ಡ್ರಮ್ಮು ಎಲ್ಲವನ್ನೂ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದನ್ನು ಬೇರೆಬೇರೆಯಾಗಿ ಹಿಡಿಯುವ ಒಂದು ಕ್ಯಾಸೆಟ್ ಯಂತ್ರದಲ್ಲಿ ತುಂಬಿದ್ದ. ಜತೆಗಾರ ನೊಕ್ಟರ್ನೊ ಕುಲ್ಟೊ ಅದರ ಮೇಲೆ ದನಿ ಸೇರಿಸಿದ. ಮನೆಯ ಆ ಮೂಲೆಗೆ ಅವರು ಇಟ್ಟ ಹೆಸರು ನೆಕ್ರೊಹೆಲ್. ಬೇರೆ ತಂಡಗಳು ಒಂದೊಂದು ಆಲ್ಬಮ್ಮಿಗೆ ಒಂದೊಂದು ಮೆಟ್ಟಿಲು ಹತ್ತಿದರೆ ಇವರು ನಾಲ್ಕೇ ವರ್ಷಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿದು ನೆಲಮಾಳಿಗೆಗೆ ಹೋದರು.

ಅದಕ್ಕೊಂದು ಹಿನ್ನೆಲೆಯಿದೆ. ಆಗ ಫ್ಲೋರಿಡಾದ ಟ್ಯಾಂಪಾದಲ್ಲಿದ್ದ ಮೊರಿಸೌಂಡ್ ಸ್ಟುಡಿಯೋದಿಂದ ಡೆತ್ ಮೆಟಲ್ ಆಲ್ಬಮ್‌ಗಳು ಸಾಲುಸಾಲಾಗಿ ಬರುತ್ತಿದ್ದವು. ನಾನು ಅವುಗಳಲ್ಲಿ ಹಲವನ್ನು ಪ್ರೀತಿಯಿಂದ ಕೇಳುತ್ತೇನೆ. ಆದರೆ ಎಲ್ಲದರಲ್ಲೂ ಒಂದೇ ಕೈಯ ಹೊಳಪು ಇತ್ತೆನ್ನುವುದು ಸುಳ್ಳಲ್ಲ. ನಾರ್ವೆಯ ಇಪ್ಪತ್ತು ದಾಟಿದ, ದಾಟದ ಹುಡುಗರಿಗೆ ಅದು ಸಾಕಾಗಿಹೋಗಿತ್ತು. ಅವರ ಕಿವಿ ಹಿಂದಕ್ಕೆ ತಿರುಗಿತು. 1984ರಲ್ಲಿ ಸ್ಟಾಕ್‌ಹೋಮ್‌ನ ಹದಿನೆಂಟರ ಹುಡುಗ ಕ್ವೊರ್ಥೊನ್ ಬಾಥೊರಿ ಎಂಬ ಹೆಸರಿನಲ್ಲಿ, ಗ್ಯಾರೇಜೊಂದನ್ನೇ ಸ್ಟುಡಿಯೋ ಮಾಡಿಕೊಂಡ ಜಾಗದಲ್ಲಿ ಮೊದಲ ಆಲ್ಬಮ್ ರೆಕಾರ್ಡ್ ಮಾಡಿದ್ದ. ಆ ಆಲ್ಬಮ್ಮಿನಲ್ಲಿ ಬಡತನವೂ ಇತ್ತು, ಭಯವೂ ಇತ್ತು. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಬಾಥೊರಿಗೆ ಅನಿವಾರ್ಯವಾಗಿದ್ದದ್ದನ್ನು ಹತ್ತು ವರ್ಷದ ಮೇಲೆ ಡಾರ್ಕ್‌ಥ್ರೋನ್ ಬೇಕೆಂದೇ ಆರಿಸಿಕೊಂಡಿತು.

ಬೇಕೆಂದೇ ಮಾಡಿದ್ದು ಎನ್ನುವುದಕ್ಕೆ ಇನ್ನೂ ಕಟುವಾದ ಉದಾಹರಣೆ ನಾರ್ವೆಯದೇ ಬುರ್ಜುಮ್‌ ಎಂಬ ತಂಡದ ಆಲ್ಬಮ್ 'ಫಿಲೊಸೊಫೆಮ್'. ರೆಕಾರ್ಡ್ ಆದದ್ದು 1993ರಲ್ಲಿ, ಹೊರಬಂದದ್ದು 1996ರಲ್ಲಿ. ದನಿಗೆ ಇರುವುದರಲ್ಲೇ ಕೆಟ್ಟ ಮೈಕು ಬೇಕೆಂದು ಕೇಳಿ, ಕೊನೆಗೆ ಒಂದು ಹೆಡ್‌ಸೆಟ್ಟಿನ ಮೈಕಿನಲ್ಲಿ ಹಾಡಿದ್ದು. ಗಿಟಾರಿಗೆ ಗಿಟಾರಿನ ಆಂಪ್ಲಿಫೈಯರೇ ಇಲ್ಲ. ಮನೆಯ ಸ್ಟೀರಿಯೋ ಆಂಪ್ಲಿಫೈಯರು, ಸದ್ದನ್ನು ಹರಕಾಗಿಸುವ ಹಳೆಯ ಫಜ್ ಪೆಡಲು. ಈ ಆಲ್ಬಮ್ಮನ್ನು ಮಾಡಿದ ಮನುಷ್ಯನ ಬಗ್ಗೆ ಮುಂದೆ ಹೇಳುತ್ತೇನೆ, ಹೇಳದೆ ಬಿಡುವ ಹಾಗಿಲ್ಲ. ಸದ್ಯಕ್ಕೆ ಸದ್ದನ್ನಷ್ಟೇ ನೋಡೋಣ.

ಕೆಟ್ಟ ಮೈಕಿನಿಂದ ಏನು ಸಿಗುತ್ತದೆ? ಒಳ್ಳೆಯ ಮೈಕು ಹಾಡುವವನನ್ನು ನಮ್ಮ ಪಕ್ಕಕ್ಕೇ ತಂದು ಕೂರಿಸುತ್ತದೆ. ಅವನ ತುಟಿ ಒದ್ದೆಯಾಗಿರುವುದು, ಉಸಿರೆಳೆದದ್ದು, ಎದೆಯ ಮೊಳಗು ಎಲ್ಲ ಕೇಳುತ್ತದೆ. ಹೆಡ್‌ಸೆಟ್ಟಿನ ಪುಟ್ಟ ಮೈಕಿಗೆ ಎದೆಯ ಕೆಳದನಿ ಹಿಡಿಯುವುದಿಲ್ಲ. ಮಿಕ್ಕದ್ದೂ ಗೀರಿಕೊಂಡು ಬರುತ್ತದೆ. ಆಗ ಉಳಿಯುವ ದನಿಗೆ ದೇಹವೇ ಇರುವುದಿಲ್ಲ. ಕೆಟ್ಟ ಫೋನ್ ಲೈನಿನಲ್ಲಿ ತುಂಬ ದೂರದಿಂದ ಯಾರೋ ಏನೋ ಮುಖ್ಯವಾದದ್ದನ್ನು ಹೇಳುತ್ತಿದ್ದಾರೆ, ಲೈನು ಯಾವ ಕ್ಷಣವಾದರೂ ಕಟ್ಟಾಗಬಹುದು ಎಂಬಂತಿರುತ್ತದೆ. ನಾವು ಕಿವಿಯನ್ನು ಇನ್ನಷ್ಟು ಒತ್ತಿ ಹಿಡಿಯುತ್ತೇವೆ. ಆ ಒತ್ತಿ ಹಿಡಿಯುವುದಿದೆಯಲ್ಲ, ನನಗೆ ಈ ಸಂಗೀತದ ಗುಟ್ಟು ಇರುವುದು ಅಲ್ಲಿ. ಇದು ಕೇಳುಗರ ಕಿವಿಯಿಂದ ಕೆಲಸ ತೆಗೆದುಕೊಳ್ಳುವ ಸಂಗೀತ. ಅರ್ಧ ಹಾಡು ಟೇಪಿನಲ್ಲಿದೆ, ಇನ್ನರ್ಧ ಕೇಳುವವರು ತರಬೇಕು.

ಇದು ಬರೀ ಕವಿಮಾತಲ್ಲ. ರಿಚರ್ಡ್ ವಾರೆನ್ ಎಂಬ ಮನೋವಿಜ್ಞಾನಿ 1970ರಲ್ಲಿ ಒಂದು ಸೊಗಸಾದ ಪ್ರಯೋಗ ಮಾಡಿದ. ರೆಕಾರ್ಡ್ ಮಾಡಿದ ಒಂದು ವಾಕ್ಯದಲ್ಲಿ ಒಂದು ಅಕ್ಷರದ ಸದ್ದನ್ನು ಪೂರ್ತಿ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಒಂದು ಕೆಮ್ಮು ಸೇರಿಸಿದ. ಕೇಳಿದವರಿಗೆ ವಾಕ್ಯ ಇಡಿಯಾಗಿಯೇ ಕೇಳಿತು. ಹೋದ ಅಕ್ಷರ ಹೋಗಿದೆ ಎಂದು ಗೊತ್ತಾಗಲಿಲ್ಲ. ಕೆಮ್ಮು ಕೇಳಿತು ಎಂದರು, ಆದರೆ ಅದು ವಾಕ್ಯದಲ್ಲಿ ಸರಿಯಾಗಿ ಎಲ್ಲಿ ಬಂತು ಎಂದು ತೋರಿಸಲಾರದೆ ಹೋದರು. ಅದೇ ಜಾಗವನ್ನು ಖಾಲಿ ಬಿಟ್ಟರೆ ಮಾತ್ರ ತೂತು ತಕ್ಷಣ ಗೊತ್ತಾಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಮೌನದಲ್ಲಿ ಕಳೆದದ್ದು ಕಳೆದೇ ಹೋಗುತ್ತದೆ. ಗದ್ದಲದಲ್ಲಿ ಕಳೆದದ್ದನ್ನು ಕಿವಿ ತಾನೇ ತುಂಬಿಕೊಡುತ್ತದೆ. ಗದ್ದಲದ ಹಿಂದೆ ಅದು ಇದ್ದೇ ಇರಬೇಕು ಎಂದು ಮಿದುಳು ನಂಬುತ್ತದೆ.

ಗಿಟಾರಿನ ವಿಷಯದಲ್ಲೂ ಹೀಗೇ. ಬ್ಲ್ಯಾಕ್ ಮೆಟಲ್‌ನಲ್ಲಿ ಗಿಟಾರಿನ ಟ್ರೆಬಲ್ ಏರಿಸಿ, ಬೇಸ್ ಇಳಿಸಿ, ಚರ್ಮ ಸುಲಿದ ಹಾಗೆ ಮಾಡಿರುತ್ತಾರೆ. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಈ ರೆಕಾರ್ಡಿಂಗ್‌ಗಳಲ್ಲಿ ಆ ಕೆಳಸ್ವರ ಇದ್ದೂ ಇಲ್ಲದ ಹಾಗೆ. ಆದರೂ ಸ್ವರ ಯಾವುದೆಂದು ನಮಗೆ ತಪ್ಪದೆ ತಿಳಿಯುತ್ತದೆ. ಹಳೆಯ ಟೆಲಿಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು. ಗಂಡಸಿನ ದನಿಯ ಮೂಲಸ್ವರ ನೂರರ ಆಸುಪಾಸು. ಅದು ತಂತಿಯಲ್ಲಿ ಬರುತ್ತಲೇ ಇರಲಿಲ್ಲ, ಆದರೂ ಅಪ್ಪನ ದನಿ ಅಪ್ಪನ ದನಿಯೇ ಆಗಿರುತ್ತಿತ್ತು. ಮೂಲಸ್ವರದ ಜತೆಗೇ ಹುಟ್ಟುವ ಮೇಲಿನ ಅನುಸ್ವರಗಳನ್ನು (ಓವರ್‌ಟೋನ್) ನೋಡಿ ಕಿವಿ ಕೆಳಗಿನದನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. 'ಟ್ರಾನ್ಸಿಲ್ವೇನಿಯನ್ ಹಂಗರ್'ನಲ್ಲಿ ನಾನು ಕೇಳುವ ಆ ಆಳವಾದ, ನೆಲದೊಳಗಿನ ಮೊಳಗು ಎಷ್ಟರಮಟ್ಟಿಗೆ ಟೇಪಿನಲ್ಲಿದೆ, ಎಷ್ಟರಮಟ್ಟಿಗೆ ನನ್ನ ತಲೆಯಲ್ಲಿದೆ ಎಂದು ಯೋಚಿಸಿದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅದು ವೇಗದ್ದು.

ಈ ಸಂಗೀತದಲ್ಲಿ ಗಿಟಾರು ನುಡಿಸುವ ರೀತಿಗೆ ಟ್ರೆಮೊಲೊ ಪಿಕಿಂಗ್ ಅನ್ನುತ್ತಾರೆ. ಒಂದೇ ಸ್ವರವನ್ನು ಮೇಲೆ ಕೆಳಗೆ, ಮೇಲೆ ಕೆಳಗೆ, ಕೈ ಸೋಲುವವರೆಗೆ ಮೀಟುವುದು. ನಿಮಿಷಕ್ಕೆ 180 ಬೀಟಿನ ಲಯದಲ್ಲಿ ಬೀಟಿಗೆ ನಾಲ್ಕರಂತೆ ಮೀಟಿದರೆ ಸೆಕೆಂಡಿಗೆ ಹನ್ನೆರಡು ಮೀಟು. ಬ್ಲಾಸ್ಟ್ ಬೀಟ್ ಎನ್ನುವ, ಡ್ರಮ್ಮನ್ನು ಬಿಡುವಿಲ್ಲದೆ ಬಡಿಯುವ ಬಡಿತವೂ ಅದೇ ಅವಸರದಲ್ಲಿ ಓಡುತ್ತದೆ. ಇದನ್ನು ಶುಚಿಯಾಗಿ, ಪ್ರತಿ ಮೀಟಿನ ತುದಿಯೂ ಚೂಪಾಗಿ ಕೇಳುವ ಹಾಗೆ ರೆಕಾರ್ಡ್ ಮಾಡಿದರೆ ಏನಾಗುತ್ತದೆ? ಕಿವಿ ಎಣಿಸಲು ಶುರುಮಾಡುತ್ತದೆ. ಅಬ್ಬಾ ಎಷ್ಟು ವೇಗ, ಎಷ್ಟು ಅಭ್ಯಾಸ ಮಾಡಿರಬೇಕು ಎಂದು ನಮ್ಮ ಗಮನವೆಲ್ಲ ನುಡಿಸುವವನ ಕೈಮೇಲೆ ಹೋಗುತ್ತದೆ. ಈಚಿನ ಎಷ್ಟೋ ಮೆಟಲ್ ಆಲ್ಬಮ್‌ಗಳಲ್ಲಿ ಕಾಲಲ್ಲಿ ಒದೆಯುವ ಡ್ರಮ್ಮಿನ ಪ್ರತಿ ಏಟಿಗೂ ಮೊದಲೇ ಮಾಡಿಟ್ಟ ಒಂದೇ ಸದ್ದನ್ನು ಅಂಟಿಸಿರುತ್ತಾರೆ. ಟೈಪ್‌ರೈಟರ್ ಕುಟ್ಟಿದ ಹಾಗೆ ಟಕಟಕಟಕ. ಕೆಲವು ಬಗೆಯ ಸಂಗೀತಕ್ಕೆ ಅದು ಹೊಂದುತ್ತದೆ. ಇಲ್ಲಿ ಅದು ಕೆಡುಕು.

ಅದೇ ಮೀಟನ್ನು ಮಬ್ಬಾಗಿಸಿ ನೋಡಿ. ಗಿಟಾರಿನ ಸದ್ದನ್ನು ಬೇಕೆಂದೇ ಹರಿಯುವ ಡಿಸ್ಟಾರ್ಶನ್ ಸ್ವರದ ಏಟನ್ನೂ ಅದರ ಇಳಿತವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಟೇಪು ಆ ಏಟಿನ ಮೂತಿಯನ್ನು ಇನ್ನಷ್ಟು ಮೊಂಡು ಮಾಡುತ್ತದೆ. ಝಲ್ಲೆನ್ನುವ ಸಿಂಬಲ್ಲು, ಕೋಣೆಯ ಅನುರಣನ, ಟೇಪಿನ ಸುಯ್ ಎಲ್ಲ ಸೇರಿ ಮೀಟು ಮೀಟಿನ ನಡುವಿನ ಸಂದಿಯನ್ನು ಮುಚ್ಚಿಬಿಡುತ್ತವೆ. ಹನ್ನೆರಡು ಮೀಟು ಕರಗಿ ಒಂದು ಹಾಳೆಯಾಗುತ್ತದೆ. ಆ ಹಾಳೆ ತೀರ ನಿಧಾನವಾಗಿ, ನಾಲ್ಕು ಸೆಕೆಂಡಿಗೋ ಎಂಟು ಸೆಕೆಂಡಿಗೋ ಒಮ್ಮೆ, ಬಣ್ಣ ಬದಲಿಸುತ್ತದೆ. ಅತಿ ವೇಗದ ಸಂಗೀತ ಎಂದು ಶುರುವಾದದ್ದು ನಿಂತ ನೀರಿನಂತೆ ಕೇಳುತ್ತದೆ. ಮೊದಲ ಹಾಡಿನ ಮೂರನೆಯ ನಿಮಿಷದ ಹೊತ್ತಿಗೆ ನನಗೆ ಡ್ರಮ್ಮು ಕೇಳಿಸುವುದೇ ನಿಂತುಹೋಗಿರುತ್ತದೆ. ಗೋಡೆಗಡಿಯಾರದ ಟಿಕ್‌ಟಿಕ್ ಕೇಳಿಸದೆ ಹೋಗುವುದಿಲ್ಲವೇ, ಹಾಗೆ. ಉಳಿಯುವುದು ಒಂದು ರಾಗದ ಎಳೆ, ಅದೂ ತುಂಬ ದುಃಖದ ಎಳೆ. ಇಷ್ಟು ಹೊತ್ತೂ ಅದು ಅಲ್ಲೇ ಇತ್ತು. ಈ ಸ್ತಬ್ಧತೆ ಸಿಗುವುದು ರೆಕಾರ್ಡಿಂಗ್ ಮಬ್ಬಾಗಿರುವುದರಿಂದಲೇ. ತಂಗಿ ಕೇಳಿದ ಹಾಗೆ ಇದನ್ನು "ಸರಿ" ಮಾಡಿದರೆ ಮೊದಲು ಹೋಗುವುದು ಅದೇ.

ಬರೆದು ಹೇಳುವುದು ಸುಲಭ, ಕೈಯಲ್ಲಿ ಮಾಡಿ ನೋಡಬೇಕು ಅನ್ನಿಸಿತು. ಗೆಳತಿಯೊಬ್ಬಳ ಅಣ್ಣನ ಹತ್ತಿರ ಬಹಳ ವರ್ಷದಿಂದ ಮುಟ್ಟದೆ ಇಟ್ಟಿದ್ದ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಒಂದಿತ್ತು. ಎರಡು ವಾರಕ್ಕೆ ಎರವಲು ತಂದೆ. ಟ್ಯಾಸ್ಕ್ಯಾಮ್ ಕಂಪನಿ 1979ರಲ್ಲಿ ಪೋರ್ಟಾಸ್ಟುಡಿಯೋ ಎಂಬ ಹೆಸರಿನಲ್ಲಿ ಮೊದಲು ತಂದ ಬಗೆಯ ಯಂತ್ರ. ದಪ್ಪ ನಿಘಂಟಿನಷ್ಟು ಭಾರ, ಮುಂದೆ ನಾಲ್ಕು ಜಾರುಗುಂಡಿ, ಮೇಲೆ ನಾಲ್ಕು ಮುಳ್ಳಿನ ಮೀಟರು. ಮಾಮೂಲಿ ಕ್ಯಾಸೆಟ್ಟೇ ಸಾಕು.

ಕ್ಯಾಸೆಟ್ಟಿನ ಟೇಪಿನ ಅಗಲ 3.81 ಮಿಲಿಮೀಟರ್. ಅಷ್ಟರಲ್ಲಿ ನಾಲ್ಕು ಟ್ರ್ಯಾಕು ಅಕ್ಕಪಕ್ಕ ಮಲಗಬೇಕು, ಅಂದರೆ ಒಂದೊಂದಕ್ಕೂ ಒಂದು ಮಿಲಿಮೀಟರೂ ಸಿಗುವುದಿಲ್ಲ. ದೊಡ್ಡ ಸ್ಟುಡಿಯೋಗಳ 24 ಟ್ರ್ಯಾಕಿನ ಟೇಪು ಎರಡು ಇಂಚು ಅಗಲ, ಸೆಕೆಂಡಿಗೆ 76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ನನ್ನ ಎರವಲು ಯಂತ್ರದಲ್ಲಿ ಕ್ಯಾಸೆಟ್ಟು ಮಾಮೂಲಿಗಿಂತ ಎರಡರಷ್ಟು ವೇಗದಲ್ಲಿ ಓಡಿದರೂ ಅದು ಹತ್ತು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಟೇಪೆಂದರೆ ಕಾಂತೀಯ ಕಣಗಳು ಅಂಟಿದ ಪ್ಲಾಸ್ಟಿಕ್ ಪಟ್ಟಿ. ಆ ಕಣಗಳ ಅಸ್ತವ್ಯಸ್ತ ಜೋಡಣೆಯೇ ನಮಗೆ ಸುಯ್ ಎಂದು ಕೇಳುವುದು. ಓದುವ ಹೆಡ್ಡಿನ ಮುಂದೆ ಹೆಚ್ಚು ಕಣ ಹಾದಷ್ಟೂ ಸುಯ್ ಹಿಂದೆ ಸರಿಯುತ್ತದೆ, ಕಡಿಮೆಯಾದಷ್ಟೂ ಮುಂದೆ ಬರುತ್ತದೆ. ಆ ಯಂತ್ರದಲ್ಲಿ ಅದು ಮುಂದೆಯೇ ಇತ್ತು. ಏನೂ ನುಡಿಸದೆ ಬರೀ ಖಾಲಿ ಟೇಪು ಓಡಿಸಿ ಹೆಡ್‌ಫೋನ್ ಹಾಕಿಕೊಂಡು ತುಂಬ ಹೊತ್ತು ಕೂತಿದ್ದೆ. ಒಂದು ಊರು ಮಲಗಿದ ಮೇಲೆ ದೂರದಿಂದ ಕೇಳುವ ಹಾಗಿತ್ತು.

ಆಮೇಲೆ ಗಿಟಾರು. ಮೂರೇ ಸ್ವರದ ಒಂದು ರಿಫ್, ಅಂದರೆ ಮತ್ತೆ ಮತ್ತೆ ನುಡಿಸುವ ಸಣ್ಣ ತುಣುಕು, ಕಟ್ಟಿಕೊಂಡಿದ್ದೆ. ಮೊದಲ ಟ್ರ್ಯಾಕಿಗೆ ನುಡಿಸಿದೆ. ಮೀಟರಿನ ಮುಳ್ಳು ಕೆಂಪಿನಲ್ಲೇ ನಿಲ್ಲುವ ಹಾಗೆ ಲೆವೆಲ್ ಏರಿಸಿದ್ದೆ. ಟೇಪು ಒಂದು ಮಿತಿಯವರೆಗೆ ಮಾತ್ರ ಸದ್ದು ಹೀರಿಕೊಳ್ಳುತ್ತದೆ. ಕಣಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತಮೇಲೆ ಇನ್ನು ತಿರುಗಲು ಯಾರೂ ಉಳಿದಿರುವುದಿಲ್ಲ. ಆಗ ಅಲೆಯ ನೆತ್ತಿ ದುಂಡಗಾಗುತ್ತದೆ. ಎರಡನೆಯ ಟ್ರ್ಯಾಕಿಗೆ ಅದನ್ನೇ ಇನ್ನೊಮ್ಮೆ ನುಡಿಸಿದೆ, ಮೂರನೆಯದಕ್ಕೆ ಮತ್ತೊಮ್ಮೆ. ಮೂರು ಸಲವೂ ಕೈ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಮೂರನ್ನೂ ಕೂಡಿಸಿ ನಾಲ್ಕನೆಯದಕ್ಕೆ ಇಳಿಸಿದೆ. ಇದಕ್ಕೆ ಬೌನ್ಸ್ ಮಾಡುವುದು ಅನ್ನುತ್ತಾರೆ. ಮೂರು ಖಾಲಿಯಾದ ಟ್ರ್ಯಾಕು ಮತ್ತೆ ನುಡಿಸಲು ಸಿಗುತ್ತದೆ, ಆದರೆ ಕೂಡಿಸಿದ್ದನ್ನು ಇನ್ನು ಬಿಡಿಸುವ ಹಾಗಿಲ್ಲ. ಮೂರು ಟ್ರ್ಯಾಕಿನ ಸುಯ್ ಕೂಡ ಒಟ್ಟಿಗೆ ಸೇರಿ ಅದರೊಳಗೆ ಹೋಯಿತು.

ನಾಲ್ಕನೆಯ ಟ್ರ್ಯಾಕನ್ನು ಹಿಂದಕ್ಕೆ ಸುತ್ತಿ ಕೇಳಿದೆ. ನನ್ನ ಮೀಟು ಎಲ್ಲೂ ಇರಲಿಲ್ಲ. ನಾನು ನುಡಿಸಿದ್ದರಲ್ಲಿ ತಪ್ಪುಗಳಿದ್ದವು, ಅವೂ ಇರಲಿಲ್ಲ. ಮೂರು ಸ್ವರದ ಒಂದು ಮಂಜು ನಿಧಾನಕ್ಕೆ ಮಗ್ಗುಲು ಬದಲಿಸುತ್ತಿತ್ತು. ನಡುವೆ ಎಲ್ಲೋ ನಾನು ನುಡಿಸದೇ ಇದ್ದ ಒಂದು ನಾಲ್ಕನೆಯ ಸ್ವರ ಮೇಲಿನಿಂದ ಸಣ್ಣಗೆ ಶಿಳ್ಳೆ ಹಾಕಿದಂತೆ ಕೇಳುತ್ತಿತ್ತು. ಕುತೂಹಲಕ್ಕೆ ಆ ಕ್ಯಾಸೆಟ್ಟನ್ನು ಮಾಮೂಲಿ ಪ್ಲೇಯರಿಗೆ ಹಾಕಿದೆ. ಅರ್ಧ ವೇಗದಲ್ಲಿ ಓಡಿತು, ಒಂದು ಸಪ್ತಕ ಕೆಳಗಿಳಿಯಿತು. ತಿರುಗಿಸಿ ಹಾಕಿದರೆ ಮೂರನೆಯ, ನಾಲ್ಕನೆಯ ಟ್ರ್ಯಾಕು ಹಿಂದುಮುಂದಾಗಿ ಬಂತು. ಒಂದು ಪಟ್ಟಿಯಲ್ಲಿ ಇಷ್ಟೊಂದು ಜಾಗ ಅಡಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬ್ಲ್ಯಾಕ್ ಮೆಟಲ್ ಎಂದರೆ ಹರಕು ಸದ್ದೇ ಎಂದು ವಾದಿಸುವವರ ಜತೆ ಮಾತ್ರ ನಾನಿಲ್ಲ. ನಾರ್ವೆಯ ಮೇಹೆಮ್ ತಂಡದ 'ಡೆ ಮಿಸ್ಟೀರಿಸ್ ಡೊಮ್ ಸಥಾನಸ್' (1994) ರೆಕಾರ್ಡ್ ಆದದ್ದು ಅಲ್ಲಿನ ಬರ್ಗೆನ್ ಊರಿನ ಗ್ರೀಗ್‌ಹಾಲೆನ್‌ನಲ್ಲಿ. ಅದು ಆ ಊರಿನ ಸಿಂಫನಿ ವಾದ್ಯವೃಂದದ ಮನೆ, ಸಂಗೀತಕಾರ ಎಡ್ವರ್ಡ್ ಗ್ರೀಗ್‌ನ ಹೆಸರಿನ ಭವನ. ಪಿಟ್ಟನ್ ಎಂದೇ ಎಲ್ಲರೂ ಕರೆಯುವ ಐರಿಕ್ ಹುಂಡ್ವಿನ್ ಅಲ್ಲಿ ಧ್ವನಿ ನೋಡಿಕೊಂಡ. ಎಂಪರರ್ ತಂಡದ ಮೊದಲ ಪೂರ್ಣ ಆಲ್ಬಮ್ಮೂ ಅಲ್ಲಿಯದೇ. ಅವುಗಳ ಸದ್ದಿನಲ್ಲಿ ಎತ್ತರದ ಚಾವಣಿಯಿದೆ, ಚಳಿಯಿದೆ, ದೊಡ್ಡತನವಿದೆ. ನನಗೆ ಅವೂ ಬೇಕು. ಆದರೆ ಅಲ್ಲಿ ನಾನು ಒಂದು ಭವ್ಯವಾದದ್ದರ ಮುಂದೆ ನಿಂತಿರುತ್ತೇನೆ. ನಾಲ್ಕು ಟ್ರ್ಯಾಕಿನ ಟೇಪಿನಲ್ಲಿ ನಾನು ಒಳಗಿರುತ್ತೇನೆ.

ಹಾಡಿನ ಅರ್ಧವನ್ನು ಕೇಳುಗರು ತರುತ್ತಾರೆ ಅಂದೆನಲ್ಲ, ಅದಕ್ಕೊಂದು ಚಂದದ ಸಾಕ್ಷಿ ಉಲ್ವರ್ ತಂಡದ 1997ರ 'ನಾಟೆನ್ಸ್ ಮ್ಯಾಡ್ರಿಗಲ್'. ಗಾಜನ್ನು ಗೀಚಿದಂಥ ಗಿಟಾರು. ಈ ಆಲ್ಬಮ್ಮನ್ನು ಕಾಡಿನ ನಡುವೆ ರೆಕಾರ್ಡ್ ಮಾಡಿದರು, ಕಂಪನಿ ಕೊಟ್ಟ ದುಡ್ಡನ್ನೆಲ್ಲ ಸೂಟು ಕಾರು ಅಂತ ಕಳೆದರು ಎಂಬ ಕತೆ ಹಬ್ಬಿತು. ಬರೀ ಕತೆ ಅದು, ತಂಡದವರೇ ಅಲ್ಲಗಳೆದಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಆ ಕತೆಯನ್ನು ಜನ ಅಷ್ಟು ಸುಲಭವಾಗಿ ಯಾಕೆ ನಂಬಿದರು ಎನ್ನುವುದು. ಕೇಳಿದವರಿಗೆ ಅಲ್ಲಿ ಕಾಡು ಕೇಳಿಸಿತ್ತು. ಆ ಸುಯ್ಯೊಳಗೆ ಎಲೆಗಳನ್ನು ಕೇಳುಗರೇ ನೆಟ್ಟಿದ್ದರು. ಸ್ವಿಟ್ಜರ್ಲೆಂಡಿನ ಪೇಸಾಜ್ ದಿವೇರ್ ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದಿತು. ಹೆಸರಿನ ಅರ್ಥವೇ ಚಳಿಗಾಲದ ನೋಟ. ಒಬ್ಬನೇ ಮನುಷ್ಯನ ತಂಡ. ತೊಂಬತ್ತರ ದಶಕದ ಕೊನೆಯಿಂದ ಡೆಮೊ (ಆಲ್ಬಮ್ಮಿಗೆ ಮುಂಚಿನ ಕರಡು ರೆಕಾರ್ಡಿಂಗ್) ಮೇಲೆ ಡೆಮೊ ತಂದು, ಮೊದಲ ಆಲ್ಬಮ್ ಎಂದು ಕರೆದದ್ದನ್ನು ಹೊರತಂದದ್ದು 2020ರಲ್ಲಿ. ಅದರಲ್ಲಿ ಹಿಮಗಾಳಿಯ ಸದ್ದೂ ಇದೆ, ಗಿಟಾರೂ ಇದೆ. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಹೇಳಲು ನನಗಿನ್ನೂ ಬಂದಿಲ್ಲ.

ಈಗ ಆ ಕಷ್ಟದ ಮಾತು. ಬುರ್ಜುಮ್ ಅಂದರೆ ವರ್ಗ್ ವಿಕರ್ನೆಸ್ ಒಬ್ಬನೇ. ಅವನು 1993ರ ಆಗಸ್ಟ್‌ನಲ್ಲಿ ಮೇಹೆಮ್‌ನ ಗಿಟಾರ್ ವಾದಕ ಯುರಾನಿಮಸ್‌ನನ್ನು ಇರಿದು ಕೊಂದ. ಆ ಕೊಲೆಗೂ ಚರ್ಚುಗಳಿಗೆ ಬೆಂಕಿಯಿಟ್ಟದ್ದಕ್ಕೂ ಮರುವರ್ಷ 21 ವರ್ಷದ ಶಿಕ್ಷೆಯಾಯಿತು. ಅವನ ಜನಾಂಗದ್ವೇಷದ ಮಾತುಗಳು ಗುಟ್ಟೇನಲ್ಲ. ನಾನು ಇಷ್ಟು ಹೊಗಳಿದ 'ಟ್ರಾನ್ಸಿಲ್ವೇನಿಯನ್ ಹಂಗರ್'ನ ಕೆಲವು ಹಾಡುಗಳ ಸಾಹಿತ್ಯ ಅವನದೇ. ಮೊದಲ ಮುದ್ರಣದ ಹಿಂಬದಿಯಲ್ಲಿ "ನಾರ್ವೆಯ ಆರ್ಯ ಬ್ಲ್ಯಾಕ್ ಮೆಟಲ್" ಎಂದು ನಾರ್ವೇಜಿಯನ್ ಭಾಷೆಯಲ್ಲಿ ಅಚ್ಚಾಗಿತ್ತು. ಇದೆಲ್ಲ ಗೊತ್ತಿಲ್ಲದವಳಂತೆ ನಾನು ನಟಿಸಲಾರೆ. ಅವನಿಗೆ ದುಡ್ಡು ಸೇರುವ ಯಾವುದನ್ನೂ ನಾನು ಕೊಳ್ಳುವುದಿಲ್ಲ. 'ಫಿಲೊಸೊಫೆಮ್' ಕೇಳಿದಾಗ ಎದೆಯಲ್ಲಿ ಏನೋ ಕಲಕುತ್ತದೆ, ಜತೆಗೆ ಬಾಯಲ್ಲಿ ಕಹಿಯೂ ಬರುತ್ತದೆ. ಎರಡೂ ಬರಲಿ ಎಂದು ಬಿಟ್ಟಿದ್ದೇನೆ. ಆದರೆ ಈ ಹಸಿ ಸದ್ದನ್ನು "ಶುದ್ಧ" ಎಂದು ಹೊಗಳುತ್ತ ಅದರ ಬೆನ್ನಿಗೆ ರಕ್ತದ, ಕುಲದ ಶುದ್ಧಿಯ ಮಾತು ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಸದ್ದಿನಲ್ಲಿ ಶುದ್ಧವಾದದ್ದು ಏನೂ ಇಲ್ಲ. ಒಂದು ಟ್ರ್ಯಾಕು ಇನ್ನೊಂದಕ್ಕೆ ಸೋರಿದೆ, ಕೋಣೆ ಗಿಟಾರಿಗೆ ಬೆರೆತಿದೆ, ಯಂತ್ರ ಮನುಷ್ಯನಿಗೆ ಬೆರೆತಿದೆ. ಬೆರಕೆಯೇ ಅದರ ಜೀವ.

ಹಾಗೆಂದು ಕರ್ಕಶವಾಗಿರುವುದೆಲ್ಲ ಒಳ್ಳೆಯದು ಎಂದು ನಾನು ಹೇಳಲಾರೆ. ಕೇಳಿ ಎಸೆದ ಡೆಮೊಗಳು ಎಷ್ಟೋ. ಈಗ ಕಂಪ್ಯೂಟರಿನಲ್ಲಿ ಶುಚಿಯಾಗಿ ರೆಕಾರ್ಡ್ ಮಾಡಿ, ಕೊನೆಗೆ ಟೇಪಿನ ಸುಯ್ಯನ್ನು ಪ್ಲಗಿನ್ನಿನಲ್ಲಿ ಬಳಿಯುವುದೂ ಇದೆ. ಅದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಬಳಿದ ಸುಯ್ ಹಾಡಿನ ಮೇಲೆ ಕೂತಿರುತ್ತದೆ. ಹಾಡು ಏರಿದರೆ ಅದು ಏರುವುದಿಲ್ಲ, ಹಾಡು ಉಸಿರು ಬಿಟ್ಟರೆ ಅದು ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಬ್ಬಿನ ಹಿಂದೆ ರಾಗ ಇರಬೇಕು. ಕಿವಿ ಹುಡುಕಿಕೊಂಡು ಹೋದಾಗ ಅಲ್ಲಿ ಏನಾದರೂ ಸಿಗಬೇಕು. ಥೋರ್ನ್ಸ್ ಎಂಬ ತಂಡದ 1991ರ 'ಗ್ರಿಮಿರ್ಕ್' ಎನ್ನುವ ಟೇಪಿನಲ್ಲಿ ಡ್ರಮ್ಮಿಲ್ಲ, ಹಾಡುವ ದನಿಯಿಲ್ಲ. ಬರೀ ಗಿಟಾರು ಮತ್ತು ಬೇಸ್, ಅಭ್ಯಾಸಕ್ಕೆಂದು ನುಡಿಸಿದ್ದು. ಅದು ಕೈಯಿಂದ ಕೈಗೆ ಪ್ರತಿಯಾಗುತ್ತ ಹೋಗಿ ಆ ಕಾಲದ ನಾರ್ವೆಯ ಗಿಟಾರಿನ ನುಡಿಯನ್ನೇ ತಿರುಗಿಸಿತು. ಪ್ರತಿಯಾದಷ್ಟೂ ಸವೆದಿರುತ್ತದೆ, ಆದರೂ ತಿರುಗಿಸಿತು. ಅದರ ರಿಫ್‌ಗಳಲ್ಲಿ ಅಷ್ಟು ಗಟ್ಟಿಯಿತ್ತು.

ಯಂತ್ರ ವಾಪಸು ಕೊಡುವ ಮುಂಚೆ ನನ್ನ ಆ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ತಂಗಿಯ ಪ್ರಶ್ನೆ ನೆನಪಿತ್ತು. ಸರಿ, ಇದನ್ನಾದರೂ ಸರಿ ಮಾಡಿ ನೋಡೋಣ ಅಂತ ಸುಯ್ ತೆಗೆಯುವ ಸಾಫ್ಟ್‌ವೇರಿಗೆ ಕೊಟ್ಟೆ. ಗಿಟಾರು ಶುರುವಾಗುವ ಮುಂಚಿನ ಒಂದು ಸೆಕೆಂಡಿನ ಬರೀ ಸುಯ್ಯನ್ನು ಆರಿಸಿ, ಇದು ಗದ್ದಲ ಎಂದು ಅದಕ್ಕೆ ಗುರುತು ಹೇಳಬೇಕು. ಆಮೇಲೆ ಅದು ಇಡೀ ಹಾಡನ್ನು ಸಾವಿರಾರು ಚೂರು ಮಾಡಿ, ಆ ಗುರುತಿನ ಕೆಳಗೆ ಬರುವುದನ್ನೆಲ್ಲ ಒತ್ತಿಹಾಕುತ್ತದೆ. ಬಂದ ಫಲ ಶುಚಿಯಾಗಿತ್ತು. ಮೀಟುಗಳು ಬಿಡಿಬಿಡಿಯಾಗಿ ವಾಪಸು ಬಂದಿದ್ದವು, ತಪ್ಪುಗಳೂ ಬಂದಿದ್ದವು, ನೀರಿನೊಳಗೆ ಗುಳ್ಳೆಯೊಡೆದಂಥ ಒಂದು ವಿಚಿತ್ರ ಸದ್ದು ಅಲ್ಲಲ್ಲಿ ಇತ್ತು. ಆ ನಾಲ್ಕನೆಯ ಸ್ವರ ಹೋಗಿತ್ತು.

ಆ ಸಾಫ್ಟ್‌ವೇರಿನಲ್ಲಿ ಇನ್ನೊಂದು ಆಯ್ಕೆಯಿದೆ. ತೆಗೆದುಹಾಕಿದ್ದನ್ನೇ ಬೇರೆಯಾಗಿ ಕೇಳಬಹುದು, ಬೇಕಾದದ್ದು ಏನಾದರೂ ತಪ್ಪಿ ಹೋಗಿದೆಯೇ ಎಂದು ನೋಡಿಕೊಳ್ಳಲು. ಬರೀ ಸುಯ್ ಇರುತ್ತದೆ ಅಂದುಕೊಂಡು ಅದನ್ನು ಒತ್ತಿದೆ. ಸುಯ್ ಇತ್ತು. ಸ್ವಲ್ಪ ಹೊತ್ತಿಗೆ ಅದರ ತಳದಲ್ಲಿ ಏನೋ ಅಲುಗಿತು. ನನ್ನ ರಿಫ್. ಮೀಟಿಲ್ಲದೆ, ಏಟಿಲ್ಲದೆ, ಮೂರು ಸ್ವರದ ನೆರಳು ಮಾತ್ರ ಒಂದರಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ನಾಲ್ಕನೆಯದೂ ಅಲ್ಲೇ ಇತ್ತು, ಮೇಲುಗಡೆ, ಸಣ್ಣಗೆ. ಕೊನೆಯಲ್ಲಿ ಕುರ್ಚಿ ಕಿರ್ರೆಂದದ್ದು, ನಾನು ಉಸಿರು ಬಿಟ್ಟದ್ದು, ಯಂತ್ರದ ಗುಂಡಿ ಟಕ್ಕೆಂದು ಮೇಲೆದ್ದದ್ದು.

ಶುಚಿ ಮಾಡಿದ ಫೈಲನ್ನು ಅಳಿಸಿದೆ. ತೆಗೆದುಹಾಕಿದ ಸದ್ದಿನ ಫೈಲು ಈಗಲೂ ನನ್ನ ಫೋನಿನಲ್ಲಿದೆ. ರಾತ್ರಿ ಹೊತ್ತು ಹಾಕಿಕೊಂಡು ಕೇಳುತ್ತೇನೆ.